1969ರ ಓಟಿನ ಲೆಕ್ಕ ಮತ್ತು ನಮ್ಮ ಸೀಮೆಯ ಕಾಯುವಿಕೆ



ನಮ್ಮ ಡಿ. ಹಿರೇಹಾಳ್ ಸೀಮೆಯವರಿಗೆ ಚುನಾವಣೆಯ ಹಬ್ಬ ಎರಡೆರಡು ಸಲ. ಒಂದು ನಮ್ಮದೇ ಆದ ರಾಯದುರ್ಗದ್ದು, ಇನ್ನೊಂದು ಪಕ್ಕದ ಬಳ್ಳಾರಿಯದು. ನಮ್ಮ ಓಟು ಆಂಧ್ರದಲ್ಲಿ, ನಮ್ಮ ನೆಂಟರ ಓಟು ಕರ್ನಾಟಕದಲ್ಲಿ. ಹೀಗಾಗಿ ಕೌಂಟಿಂಗ್ ದಿನ ಬಂತೆಂದರೆ ಹೊಟೇಲಿನ ಮುಂದೆ, ಬಸ್‌ಸ್ಟ್ಯಾಂಡಿನಲ್ಲಿ, ದೇವಸ್ಥಾನದ ಕಟ್ಟೆಯ ಮೇಲೆ ಗುಂಪು ಕೂಡುವುದು ನಮಗೆ ರೂಢಿ. ಯಾವ ರೌಂಡಿನಲ್ಲಿ ಯಾರು ಮುಂದೆ, ಎಷ್ಟು ಮೆಜಾರಿಟಿ, ಇನ್ನೆಷ್ಟು ರೌಂಡು ಬಾಕಿ ಎಂಬ ಮಾತೇ ಮಾತು.

ಆದರೆ ಎಣಿಕೆ ಎಂಬುದು ಒಂದೇ ಬಗೆಯದಲ್ಲ. ನಮ್ಮ ಓಟನ್ನು ಎಣಿಸುವುದು ಒಂದು. ಪಕ್ಷದ ದೊಡ್ಡವರು ಕೋಣೆಯೊಳಗೆ ಕುಳಿತು ತಮ್ಮ ತಮ್ಮ ಓಟನ್ನು ಎಣಿಸಿಕೊಳ್ಳುವುದು ಇನ್ನೊಂದು. ಎರಡನೆಯದರಲ್ಲಿ ಹಳ್ಳಿಯ ಕಾರ್ಯಕರ್ತನಿಗೆ ಓಟಿಲ್ಲ. ಬಾವುಟ ಕಟ್ಟಿದವನು ಅವನೇ, ಮನೆ ಮನೆ ತಿರುಗಿದವನು ಅವನೇ, ಆದರೆ ಬಾಗಿಲ ಹೊರಗೆ ಕಾಯುವವನೂ ಅವನೇ. ಈ ಕಾಯುವಿಕೆಯ ಬಗ್ಗೆ ಚರಿತ್ರೆಯ ಪುಸ್ತಕಗಳು ಹೆಚ್ಚು ಹೇಳುವುದಿಲ್ಲ. ನಮ್ಮ ಅನಂತಪುರ ಜಿಲ್ಲೆಗೆ ತೀರ ಹತ್ತಿರವಾದ ಒಂದು ಉದಾಹರಣೆ ಇದೆ, 1969ರ ರಾಷ್ಟ್ರಪತಿ ಚುನಾವಣೆ. ಸುಮಾರು 40 ದಿನಗಳ ಒಳಗೆ ಈ ಎರಡೂ ಬಗೆಯ ಎಣಿಕೆಯನ್ನು ದೇಶ ಕಂಡಿತು. ನಾವು ಸರ್ಕಾರಿ ಶಾಲೆಯವರು, ಯಾವ ಪಕ್ಷದ ಪರವಾಗಿಯೂ ಇದನ್ನು ಬರೆಯುತ್ತಿಲ್ಲ. ಚರಿತ್ರೆಯ ಪಾಠವಾಗಿ, ಸ್ವಲ್ಪ ಲೆಕ್ಕದ ಪಾಠವಾಗಿಯೂ ನೋಡೋಣ.

ಇಬ್ಬರೂ ನಮ್ಮ ಕಡೆಯವರೇ

ಈ ಕತೆಯ ಮುಖ್ಯ ವ್ಯಕ್ತಿಗಳಲ್ಲಿ ಇಬ್ಬರು ನಮ್ಮ ನೆರೆಯವರು. ಒಬ್ಬರು ನೀಲಂ ಸಂಜೀವ ರೆಡ್ಡಿಯವರು. 1913ರಲ್ಲಿ ಅನಂತಪುರ ಜಿಲ್ಲೆಯ ಇಲ್ಲೂರಿನಲ್ಲಿ ಹುಟ್ಟಿದವರು. ಇನ್ನೊಬ್ಬರು ಎಸ್. ನಿಜಲಿಂಗಪ್ಪನವರು. 1902ರಲ್ಲಿ ಹರಪನಹಳ್ಳಿ ಸೀಮೆಯ ಹಲವಾಗಲಿನಲ್ಲಿ ಹುಟ್ಟಿ, ಚಿತ್ರದುರ್ಗದಲ್ಲಿ ವಕೀಲಿ ಮಾಡಿ, ಕರ್ನಾಟಕ ಏಕೀಕರಣಕ್ಕಾಗಿ ದುಡಿದವರು.

ನಮ್ಮ ಮಕ್ಕಳಿಗೆ ಒಂದು ಮಾತು ಗೊತ್ತಿರಬೇಕು. ನಮ್ಮ ರಾಯದುರ್ಗ ತಾಲ್ಲೂಕು 1953ರವರೆಗೆ ಬಳ್ಳಾರಿ ಜಿಲ್ಲೆಯಲ್ಲೇ ಇತ್ತು. ಆ ವರ್ಷ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಬಂದವು, ಬಳ್ಳಾರಿ ಮೈಸೂರಿಗೆ ಹೋಯಿತು. ಆದೋನಿ, ಆಲೂರು ಕರ್ನೂಲಿಗೆ ಸೇರಿದವು, ನಾವು ಅನಂತಪುರಕ್ಕೆ ಸೇರಿದೆವು. ಮಡಕಶಿರಾ ಮಾತ್ರ ಮೊದಲಿನಿಂದಲೂ ಅನಂತಪುರದ ಜೊತೆಗೇ ಇದ್ದ ಕನ್ನಡದ ನೆಲ. ಅಂದರೆ ನಿಜಲಿಂಗಪ್ಪನವರು ನಮ್ಮ ಹಳೆಯ ಜಿಲ್ಲೆಯವರು, ಸಂಜೀವ ರೆಡ್ಡಿಯವರು ನಮ್ಮ ಹೊಸ ಜಿಲ್ಲೆಯವರು!

ಇಬ್ಬರ ಹಾದಿಯೂ ಜೊತೆಜೊತೆಗೇ ಸಾಗಿತ್ತು. 1956ರ ನವೆಂಬರ್ 1ರಂದು, ಒಂದೇ ದಿನ, ಒಬ್ಬರು ಏಕೀಕೃತ ಮೈಸೂರು ರಾಜ್ಯದ ಮೊದಲ ಮುಖ್ಯಮಂತ್ರಿಯಾದರು, ಇನ್ನೊಬ್ಬರು ಆಂಧ್ರಪ್ರದೇಶದ ಮೊದಲ ಮುಖ್ಯಮಂತ್ರಿಯಾದರು. ಇಬ್ಬರೂ ಮುಂದೆ ಅಖಿಲ ಭಾರತ ಕಾಂಗ್ರೆಸ್ಸಿನ ಅಧ್ಯಕ್ಷರಾದರು. 1969ರ ಹೊತ್ತಿಗೆ ನಿಜಲಿಂಗಪ್ಪನವರು ಪಕ್ಷದ ಅಧ್ಯಕ್ಷರು, 1967ರಲ್ಲಿ ಹಿಂದೂಪುರದಿಂದ ಗೆದ್ದಿದ್ದ ಸಂಜೀವ ರೆಡ್ಡಿಯವರು ಲೋಕಸಭೆಯ ಸ್ಪೀಕರ್.

ಬೆಂಗಳೂರಿನ ಒಳಸಭೆ

1969ರ ಮೇ 3ರಂದು ರಾಷ್ಟ್ರಪತಿ ಜಾಕೀರ್ ಹುಸೇನ್ ಅವರು ತೀರಿಕೊಂಡರು. ಹೊಸ ರಾಷ್ಟ್ರಪತಿ ಯಾರು ಎಂಬ ಪ್ರಶ್ನೆ ಬಂತು. ಜುಲೈ ತಿಂಗಳಲ್ಲಿ ಕಾಂಗ್ರೆಸ್ ಮಹಾಸಮಿತಿಯ ಅಧಿವೇಶನ ಬೆಂಗಳೂರಿನ ಲಾಲ್‌ಬಾಗ್ ಗಾಜಿನ ಮನೆಯಲ್ಲಿ ನಡೆಯಿತು. ದೇಶದ ಮೂಲೆಮೂಲೆಯಿಂದ ಪ್ರತಿನಿಧಿಗಳು ಬಂದಿದ್ದರು. ಆದರೆ ಅಭ್ಯರ್ಥಿ ಯಾರೆಂದು ತೀರ್ಮಾನವಾದದ್ದು ಆ ದೊಡ್ಡ ಸಭೆಯಲ್ಲಲ್ಲ. ಹತ್ತು ಜನರೂ ಇಲ್ಲದ ಪಾರ್ಲಿಮೆಂಟರಿ ಬೋರ್ಡು ಜುಲೈ 12ರಂದು ಸೇರಿ ಅದನ್ನು ತೀರ್ಮಾನಿಸಿತು.

ಪ್ರಧಾನಿ ಇಂದಿರಾ ಗಾಂಧಿಯವರು ಜಗಜೀವನ್ ರಾಮ್ ಅವರ ಹೆಸರು ಹೇಳಿದರು. ಫಕ್ರುದ್ದೀನ್ ಅಲಿ ಅಹಮದ್ ಅವರು ಪ್ರಧಾನಿಯ ಜೊತೆಗಿದ್ದರು. ಕಾಮರಾಜ್, ಮೊರಾರ್ಜಿ ದೇಸಾಯಿ, ಎಸ್.ಕೆ. ಪಾಟೀಲ್, ವೈ.ಬಿ. ಚವಾಣ್ ಇವರೆಲ್ಲ ಸಂಜೀವ ರೆಡ್ಡಿಯವರ ಕಡೆ ನಿಂತರು. ಬೆರಳೆಣಿಕೆಯ ಓಟುಗಳಲ್ಲಿ ನಮ್ಮ ಜಿಲ್ಲೆಯ ಮನುಷ್ಯ ದೇಶದ ಅತಿ ಎತ್ತರದ ಹುದ್ದೆಗೆ ಪಕ್ಷದ ಅಭ್ಯರ್ಥಿಯಾದರು. ಇಷ್ಟು ದೊಡ್ಡ ತೀರ್ಮಾನಕ್ಕೆ ಇಷ್ಟೇ ಓಟು ಸಾಕಾದವು.

ಒಳಸಭೆ ಎಂದರೆ ಯಾವಾಗಲೂ ಮುಚ್ಚಿದ ಬಾಗಿಲೇ ಆಗಬೇಕೆಂದಿಲ್ಲ. ಮೂರು ವರ್ಷ ಹಿಂದೆ, 1966ರ ಜನವರಿ 19ರಂದು, ಲಾಲ್ ಬಹಾದ್ದೂರ್ ಶಾಸ್ತ್ರಿಗಳ ನಂತರ ಯಾರೆಂದು ಕಾಂಗ್ರೆಸ್ ಸಂಸದರೆಲ್ಲ ಸೇರಿ ಓಟು ಹಾಕಿದ್ದರು. ಇಂದಿರಾ ಗಾಂಧಿಯವರಿಗೆ 355, ಮೊರಾರ್ಜಿ ದೇಸಾಯಿಯವರಿಗೆ 169. ಅದೂ ಪಕ್ಷದ ಸಭೆಯೇ. ಆದರೂ ಓಟನ್ನು ಎಣಿಸಿ ಅಂಕಿಯನ್ನು ಹೊರಗೆ ಹೇಳಿದರು. ಸೋತವರೂ ಗೆದ್ದವರೂ ಒಪ್ಪಿಕೊಂಡರು. ಬೆಂಗಳೂರಿನಲ್ಲಿ ಹಾಗಾಗಲಿಲ್ಲ. ಕೆಲವೇ ಜನರ ತೀರ್ಮಾನವನ್ನು ಪ್ರಧಾನಿಯವರು ಒಳಗೊಳಗೇ ಒಪ್ಪಲಿಲ್ಲ.

ಆಮೇಲೆ ಎಲ್ಲವೂ ಬಿರುಸಿನಿಂದ ನಡೆಯಿತು. ಜುಲೈ 16ರಂದು ಮೊರಾರ್ಜಿಯವರ ಕೈಯಿಂದ ಹಣಕಾಸು ಖಾತೆ ಹೋಯಿತು. 19ರಂದು 14 ಬ್ಯಾಂಕುಗಳ ರಾಷ್ಟ್ರೀಕರಣವಾಯಿತು. ಅದೇ ದಿನ ಸಂಜೀವ ರೆಡ್ಡಿಯವರು ಸ್ಪೀಕರ್ ಹುದ್ದೆಗೆ ರಾಜೀನಾಮೆ ಕೊಟ್ಟರು. ಉಪರಾಷ್ಟ್ರಪತಿಯಾಗಿದ್ದ ವಿ.ವಿ. ಗಿರಿಯವರು ತಾವೂ ರಾಜೀನಾಮೆ ಕೊಟ್ಟು ಸ್ವತಂತ್ರ ಅಭ್ಯರ್ಥಿಯಾಗಿ ನಿಂತರು. ಗಿರಿಯವರೂ ತೆಲುಗಿನವರೇ, ಒಂದು ರೀತಿಯಲ್ಲಿ ನಮ್ಮಂತೆ ಗಡಿಯವರೇ. ಅವರು ಹುಟ್ಟಿದ ಬರ್ಹಾಂಪುರ ಆಗ ಮದ್ರಾಸ್ ಪ್ರಾಂತ್ಯದಲ್ಲಿತ್ತು, 1936ರಲ್ಲಿ ಒಡಿಶಾಕ್ಕೆ ಸೇರಿತು. 1965ರಿಂದ 1967ರವರೆಗೆ ಅವರು ಮೈಸೂರಿನ ರಾಜ್ಯಪಾಲರೂ ಆಗಿದ್ದರು.

ಸಂಜೀವ ರೆಡ್ಡಿಯವರ ಹೆಸರನ್ನು ಸೂಚಿಸಿ ಸಹಿ ಮಾಡಿದ್ದ ಇಂದಿರಾ ಗಾಂಧಿಯವರೇ ಕೊನೆಗೆ, ಸದಸ್ಯರು ಆತ್ಮಸಾಕ್ಷಿಯಂತೆ ಓಟು ಹಾಕಲಿ ಎಂಬ ನಿಲುವು ತಾಳಿದರು. ನಿಜಲಿಂಗಪ್ಪನವರು ಜನಸಂಘ, ಸ್ವತಂತ್ರ ಪಕ್ಷಗಳ ನಾಯಕರ ಜೊತೆ ಮಾತಾಡಿದ್ದನ್ನು ಆ ಕಡೆಯವರು ದೊಡ್ಡ ತಪ್ಪೆಂದು ಎತ್ತಿ ತೋರಿಸಿದರು. ಆ ಎರಡು ಪಕ್ಷಗಳ ಅಭ್ಯರ್ಥಿ ಸಿ.ಡಿ. ದೇಶಮುಖ್. ಅವರಿಗೆ ಮೊದಲ ಓಟು, ರೆಡ್ಡಿಯವರಿಗೆ ಎರಡನೆಯ ಓಟು ಎಂಬುದು ಆ ಪಕ್ಷಗಳ ಲೆಕ್ಕ. ಆಗಸ್ಟ್ 16ರಂದು ಮತದಾನವಾಯಿತು.

ರೇಡಿಯೋದ ಮುಂದೆ

ಎಣಿಕೆ ಆಗಸ್ಟ್ 20ಕ್ಕೆ, ದೆಹಲಿಯಲ್ಲಿ. ನಡುವೆ ನಾಲ್ಕು ದಿನ ಕಾಯಬೇಕು. ಆಗ ಟಿ.ವಿ. ಇದ್ದದ್ದು ದೆಹಲಿಯಲ್ಲಿ ಮಾತ್ರ. ನಮ್ಮ ಕಡೆಯ ಹಳ್ಳಿಗಳಲ್ಲಿ ರೇಡಿಯೋ ಕೂಡ ಎಲ್ಲರ ಮನೆಯಲ್ಲಿ ಇರುತ್ತಿರಲಿಲ್ಲ. ಪಂಚಾಯಿತಿ ರೇಡಿಯೋ ಇದ್ದರೆ ಅದು, ಇಲ್ಲವೇ ಊರಿನ ಒಬ್ಬಿಬ್ಬರು ಅನುಕೂಲಸ್ಥರ ಮನೆಯದು. ಪತ್ರಿಕೆ ಬರುವುದು ಬಸ್ಸಿನಲ್ಲಿ. ಗಡಿಯವರಾದ ನಮಗೆ ಒಂದು ಅನುಕೂಲವಿತ್ತು. ಕನ್ನಡದ ವಾರ್ತೆಯೂ ಅರ್ಥವಾಗುತ್ತಿತ್ತು, ತೆಲುಗಿನ ವಾರ್ತೆಯೂ ಅರ್ಥವಾಗುತ್ತಿತ್ತು. ಒಂದರಲ್ಲಿ ತಪ್ಪಿದ್ದು ಇನ್ನೊಂದರಲ್ಲಿ ಸಿಗುತ್ತಿತ್ತು.

ಕಾಯುತ್ತಿದ್ದವರ ಸಂಕಟ ಏನೆಂದು ಸ್ವಲ್ಪ ಯೋಚಿಸಿ. ತಮ್ಮ ಜಿಲ್ಲೆಯವರು ರಾಷ್ಟ್ರಪತಿಯಾಗುತ್ತಾರೋ ಇಲ್ಲವೋ ಎಂಬುದು ತಿಳಿಯಬೇಕು. ಓಟು ತಮ್ಮದಲ್ಲ, ತಾವು ಗೆಲ್ಲಿಸಿದ ಎಮ್ಮೆಲ್ಲೆಯದು, ಎಂಪಿಯದು. ಆ ಎಮ್ಮೆಲ್ಲೆ ಯಾರಿಗೆ ಹಾಕಿದರೆಂದೂ ತಿಳಿಯದು, ಏಕೆಂದರೆ ಅದು ಗುಪ್ತ ಮತದಾನ. ನಾವೇ ಕಳಿಸಿದವರು ನಮ್ಮವರನ್ನೇ ಬಿಟ್ಟರೋ ಎಂಬ ಅನುಮಾನ ಇಟ್ಟುಕೊಂಡು ಕಾಯುವುದು ಸುಲಭವಲ್ಲ. ಪಕ್ಷದ ಅಧ್ಯಕ್ಷರ ಮಾತು ಕೇಳಬೇಕೋ, ಪ್ರಧಾನಿಯ ಮಾತು ಕೇಳಬೇಕೋ ಎಂದು ಹಳ್ಳಿಯ ಕಾಂಗ್ರೆಸ್ ಕಾರ್ಯಕರ್ತನನ್ನು ಯಾರೂ ಕೇಳಿರಲಿಲ್ಲ.

ಲೆಕ್ಕ ಹಾಕಿ ನೋಡೋಣ

ಈಗ ಲೆಕ್ಕಕ್ಕೆ ಬರೋಣ. ಎಂಟು, ಒಂಬತ್ತನೇ ತರಗತಿಯ ಮಕ್ಕಳು ಕರಿಹಲಗೆಯ ಮೇಲೆ ಮಾಡಬಹುದಾದ ಲೆಕ್ಕವಿದು.

ರಾಷ್ಟ್ರಪತಿ ಚುನಾವಣೆಯಲ್ಲಿ ಒಂದು ಓಟಿನ ಬೆಲೆ ಒಂದೇ ಅಲ್ಲ. ಎಮ್ಮೆಲ್ಲೆಯ ಓಟಿನ ಬೆಲೆ ತಿಳಿಯಲು ರಾಜ್ಯದ ಜನಸಂಖ್ಯೆಯನ್ನು ಚುನಾಯಿತ ಶಾಸಕರ ಸಂಖ್ಯೆಯಿಂದ ಭಾಗಿಸಿ, ಬಂದದ್ದನ್ನು ಮತ್ತೆ 1000ದಿಂದ ಭಾಗಿಸಬೇಕು. 1961ರ ಜನಗಣತಿಯಂತೆ ಆಂಧ್ರದ ಜನಸಂಖ್ಯೆ ಸುಮಾರು 3 ಕೋಟಿ 60 ಲಕ್ಷ, ಶಾಸಕರು 287. ಬೆಲೆ 125. ಮೈಸೂರಿನ ಜನಸಂಖ್ಯೆ ಸುಮಾರು 2 ಕೋಟಿ 36 ಲಕ್ಷ, ಶಾಸಕರು 216. ಬೆಲೆ 109. ಅಂದರೆ ರಾಯದುರ್ಗದ ಎಮ್ಮೆಲ್ಲೆಯ ಓಟಿಗೆ 125, ಕೂಗಳತೆಯ ಬಳ್ಳಾರಿಯ ಎಮ್ಮೆಲ್ಲೆಯ ಓಟಿಗೆ 109! ಸಂಸದರ ಓಟಿನ ಬೆಲೆ 576.

ಆ ವರ್ಷ ಊರ್ಜಿತವಾದ ಓಟುಗಳ ಒಟ್ಟು ಬೆಲೆ 8,36,337. ಗೆಲ್ಲಲು ಅರ್ಧಕ್ಕಿಂತ ಹೆಚ್ಚು ಬೇಕು, ಅಂದರೆ 4,18,169. ಮೊದಲ ಪ್ರಾಶಸ್ತ್ಯದ ಓಟು ಎಣಿಸಿದಾಗ ಗಿರಿಯವರಿಗೆ 4,01,515, ಸಂಜೀವ ರೆಡ್ಡಿಯವರಿಗೆ 3,13,548, ದೇಶಮುಖ್ ಅವರಿಗೆ 1,12,769. ಉಳಿದ ಸಣ್ಣ ಅಭ್ಯರ್ಥಿಗಳದು ಚಿಲ್ಲರೆ. ಗಿರಿಯವರು 87,967ರಷ್ಟು ಮುಂದಿದ್ದರು. ಆದರೂ ಗೆಲುವಿನ ಗೆರೆ ಮುಟ್ಟಲಿಲ್ಲ.

ಆಗ ನಿಯಮದಂತೆ ಕಡಿಮೆ ಬಂದವರನ್ನು ಒಬ್ಬೊಬ್ಬರಾಗಿ ತೆಗೆದು, ಆ ಓಟಿನ ಚೀಟಿಯಲ್ಲಿ ಮುಂದಿನ ಪ್ರಾಶಸ್ತ್ಯ ಯಾರಿಗಿದೆಯೋ ಅವರಿಗೆ ಸೇರಿಸುತ್ತಾ ಹೋಗಬೇಕು. ದೇಶಮುಖ್ ಅವರ ಓಟುಗಳು ಹಂಚಿಕೆಯಾದವು. ಎಲ್ಲ ಮುಗಿದಾಗ ಗಿರಿಯವರಿಗೆ 4,20,077, ರೆಡ್ಡಿಯವರಿಗೆ 4,05,427. ಕಳೆದು ನೋಡಿ. ಈ ಹಂಚಿಕೆಯಿಂದ ರೆಡ್ಡಿಯವರಿಗೆ ಸೇರಿದ್ದು 91,879, ಗಿರಿಯವರಿಗೆ ಸೇರಿದ್ದು 18,562 ಮಾತ್ರ. 87,967 ಇದ್ದ ಅಂತರ 14,650ಕ್ಕೆ ಇಳಿಯಿತು. ಅಲ್ಲಿಗೆ ನಿಂತಿತು. ಗಿರಿಯವರು ಗೆದ್ದರು. ರಾಷ್ಟ್ರಪತಿ ಚುನಾವಣೆಯಲ್ಲಿ ಎರಡನೇ ಪ್ರಾಶಸ್ತ್ಯದ ಓಟುಗಳನ್ನು ಎಣಿಸಿ ಗೆಲುವು ತೀರ್ಮಾನವಾದದ್ದು ಅದೊಂದೇ ಸಲ.

14,650 ಎಂದರೆ ಎಷ್ಟು? ಒಬ್ಬ ಸಂಸದನ ಓಟು ಒಬ್ಬರಿಂದ ಇನ್ನೊಬ್ಬರಿಗೆ ಬದಲಾದರೆ ಒಬ್ಬರಿಗೆ 576 ಕಡಿಮೆ, ಇನ್ನೊಬ್ಬರಿಗೆ 576 ಹೆಚ್ಚು. ಅಂತರ 1,152 ಬದಲಾಗುತ್ತದೆ. 13 ಜನ ಸಂಸದರು ಗಿರಿಯವರ ಬದಲು ರೆಡ್ಡಿಯವರಿಗೆ ಹಾಕಿದ್ದರೆ ಗಿರಿಯವರಿಗೆ 4,12,589, ರೆಡ್ಡಿಯವರಿಗೆ 4,12,915. ನಮ್ಮ ಇಲ್ಲೂರಿನವರು 1969ರಲ್ಲೇ ರಾಷ್ಟ್ರಪತಿ ಭವನಕ್ಕೆ ಹೋಗುತ್ತಿದ್ದರು. ಒಂದು ಟೆಂಪೋದಲ್ಲಿ ಕೂರುವಷ್ಟು ಜನ!

ಈ ಲೆಕ್ಕವನ್ನು ಐದು ದಶಕ ಕಳೆದ ಮೇಲೂ ಹಳ್ಳಿಯ ಶಾಲೆಯಲ್ಲಿ ಕುಳಿತು ನಾವು ಮಾಡಬಹುದು. ಕಾರಣ, ದೆಹಲಿಯಲ್ಲಿ ಆ ದಿನ ಎಣಿಸಿದ ಪ್ರತಿ ಅಂಕಿಯನ್ನೂ ಹೊರಗೆ ಹೇಳಿದರು. ಯಾರು ಯಾರಿಗೆ ಹಾಕಿದರೆಂಬುದು ಗುಟ್ಟಾಗಿಯೇ ಉಳಿಯಿತು. ಎಷ್ಟು ಬಿತ್ತೆಂಬುದು ಗುಟ್ಟಾಗಲಿಲ್ಲ. ಓಟು ಗುಪ್ತ, ಲೆಕ್ಕ ಬಹಿರಂಗ. ಪ್ರಜಾಪ್ರಭುತ್ವದಲ್ಲಿ ಈ ಎರಡೂ ಜೊತೆಗಿರಬೇಕು. ಆ ಗೆಲುವನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಲೂ ಸಾಧ್ಯವಾಯಿತು. ರಾಷ್ಟ್ರಪತಿಯಾಗಿದ್ದ ಗಿರಿಯವರೇ ಖುದ್ದಾಗಿ ಸಾಕ್ಷಿ ಹೇಳಿದರು. 1970ರಲ್ಲಿ ಕೋರ್ಟು ಆ ಅರ್ಜಿಗಳನ್ನು ವಜಾ ಮಾಡಿತು. ಸೋತವರ ಕಡೆಯವರಿಗೂ ಹೋಗಿ ಕೇಳಲು ಒಂದು ಬಾಗಿಲು ಇತ್ತು ಎಂಬುದು ಮುಖ್ಯ.

ಆಮೇಲೆ ಏನಾಯಿತು

ಒಳಸಭೆಯ ಜಗಳ ಒಳಗೇ ತೀರಲಿಲ್ಲ. 1969ರ ನವೆಂಬರ್ 12ರಂದು ನಿಜಲಿಂಗಪ್ಪನವರ ಅಧ್ಯಕ್ಷತೆಯ ಕಾಂಗ್ರೆಸ್ ಇಂದಿರಾ ಗಾಂಧಿಯವರನ್ನು ಪಕ್ಷದಿಂದ ಹೊರಹಾಕಿತು. ಸಂಸದರಲ್ಲಿ ಹೆಚ್ಚಿನವರು ಇಂದಿರಾ ಅವರ ಜೊತೆ ಹೋದರು. ಪಕ್ಷ ಎರಡಾಯಿತು. ಹಳ್ಳಿಯ ಕಾರ್ಯಕರ್ತನೂ ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕಾಯಿತು. ನಿನ್ನೆಯವರೆಗೆ ಒಂದೇ ಬಾವುಟದ ಕೆಳಗೆ ಇದ್ದವರು ಎರಡು ಗುಂಪಾದರು.

1971ರ ಲೋಕಸಭಾ ಚುನಾವಣೆಯಲ್ಲಿ ಸಂಜೀವ ರೆಡ್ಡಿಯವರು ಸಂಸ್ಥಾ ಕಾಂಗ್ರೆಸ್ಸಿನಿಂದ ಅನಂತಪುರದಲ್ಲಿ ನಿಂತರು. ಇಂದಿರಾ ಕಾಂಗ್ರೆಸ್ಸಿನ ಆಂಟನಿ ರೆಡ್ಡಿಯವರ ಎದುರು ಸೋತರು. ಈ ಸಲ ಓಟು ಹಾಕಿದವರು ಸಂಸದರಲ್ಲ, ಶಾಸಕರಲ್ಲ, ನಮ್ಮ ಜಿಲ್ಲೆಯ ಜನರೇ. ಹೀಗಾಗಿ ಅದರ ಬಗ್ಗೆ ಯಾರ ಮೇಲೂ ಅನುಮಾನ ಪಡುವಂತಿರಲಿಲ್ಲ. ಅವರು ಹೊಲಕ್ಕೆ, ಬೇಸಾಯಕ್ಕೆ ಮರಳಿದರು.

ಕಾಲ ತಿರುಗಿತು. 1977ರಲ್ಲಿ ಆಂಧ್ರಪ್ರದೇಶದ 42 ಲೋಕಸಭಾ ಸ್ಥಾನಗಳಲ್ಲಿ 41 ಕಾಂಗ್ರೆಸ್ಸಿಗೆ ಬಂದವು. ಉಳಿದ ಒಂದು ನಂದ್ಯಾಲ. ಅಲ್ಲಿ ಜನತಾ ಪಕ್ಷದಿಂದ ಗೆದ್ದವರು ಸಂಜೀವ ರೆಡ್ಡಿಯವರು. ಮತ್ತೆ ಸ್ಪೀಕರ್ ಆದರು. ಅದೇ ವರ್ಷ ಜುಲೈನಲ್ಲಿ ರಾಷ್ಟ್ರಪತಿ ಚುನಾವಣೆ ಬಂತು. 37 ಜನ ನಾಮಪತ್ರ ಹಾಕಿದ್ದರಲ್ಲಿ 36 ತಿರಸ್ಕೃತವಾಗಿ ಇವರೊಬ್ಬರೇ ಉಳಿದರು, ಅವಿರೋಧವಾಗಿ ಆಯ್ಕೆಯಾದರು. ಎಂಟು ವರ್ಷ ಹಿಂದೆ ಎರಡೆರಡು ಸಲ ಎಣಿಸಿದ ಓಟು ಈಗ ಎಣಿಸುವ ಅಗತ್ಯವೇ ಬರಲಿಲ್ಲ! 1982ರಲ್ಲಿ ಅವಧಿ ಮುಗಿದ ಮೇಲೆ ಅವರು ಅನಂತಪುರದ ತಮ್ಮ ನೆಲಕ್ಕೇ ವಾಪಸ್ಸು ಬಂದರು. 1996ರ ಜೂನ್ 1ರಂದು ಬೆಂಗಳೂರಿನಲ್ಲಿ ತೀರಿಕೊಂಡರು. ನಿಜಲಿಂಗಪ್ಪನವರು ಚಿತ್ರದುರ್ಗದಲ್ಲೇ ಉಳಿದು 2000ದಲ್ಲಿ ತೀರಿಕೊಂಡರು.

ಈ ಕಾಲದ ಎಣಿಕೆಗಳು

ನಮ್ಮ ಕಾಲಕ್ಕೆ ಬಂದರೆ, ಬಯಲಿನ ಎಣಿಕೆ ಇನ್ನಷ್ಟು ಬಿಗಿಯಾಗಿದೆ. ಚುನಾವಣಾ ಡ್ಯೂಟಿ ಮಾಡುವ ಶಿಕ್ಷಕರಿಗೆ ಇದು ಚೆನ್ನಾಗಿ ಗೊತ್ತು. ಮತದಾನ ಮುಗಿದ ಕೂಡಲೇ ಆ ಬೂತಿನಲ್ಲಿ ಎಷ್ಟು ಓಟು ಬಿದ್ದವೆಂದು 17ಸಿ ಫಾರಂನಲ್ಲಿ ಬರೆದು ಏಜೆಂಟರ ಕೈಗೆ ಪ್ರತಿ ಕೊಡಬೇಕು. ಎಣಿಕೆಯ ದಿನ ಆ ಸಂಖ್ಯೆಗೂ ಯಂತ್ರದ ಸಂಖ್ಯೆಗೂ ತಾಳೆ ನೋಡುತ್ತಾರೆ. 2019ರಿಂದ ಪ್ರತಿ ವಿಧಾನಸಭಾ ಕ್ಷೇತ್ರದಲ್ಲಿ ಚೀಟಿ ಎತ್ತಿ ಆರಿಸಿದ 5 ಬೂತುಗಳ ವಿವಿಪ್ಯಾಟ್ ಚೀಟಿಗಳನ್ನೂ ಎಣಿಸುತ್ತಾರೆ. 2014ರಲ್ಲಿ ನಮ್ಮ ರಾಯದುರ್ಗದಲ್ಲಿ ಕಾಲವ ಶ್ರೀನಿವಾಸುಲು ಅವರು ಗೆದ್ದ ಅಂತರ 1,827. 2024ರ ಜೂನ್ 4ರಂದು ಮಡಕಶಿರಾದಲ್ಲಿ ಎಂ.ಎಸ್. ರಾಜು ಅವರು ಗೆದ್ದದ್ದು ಬರೀ 351 ಓಟಿನಿಂದ. ಒಂದು ದೊಡ್ಡ ಶಾಲೆಯ ಮಕ್ಕಳಷ್ಟು! ಇಷ್ಟು ಸಣ್ಣ ಅಂತರದಲ್ಲೂ ಕಾಯುತ್ತಿದ್ದವನಿಗೆ ಅಂಕಿ ಸಿಗುತ್ತದೆ. ಸೋತರೂ ಎಷ್ಟರಲ್ಲಿ ಸೋತೆವೆಂದು ತಿಳಿಯುತ್ತದೆ.

ಪಕ್ಷದ ಒಳಸಭೆಯ ಎಣಿಕೆ ಮಾತ್ರ ಹಾಗೇ ಉಳಿದಿದೆ. 2023ರ ಮೇ 13ರಂದು ಕರ್ನಾಟಕದಲ್ಲಿ ಕಾಂಗ್ರೆಸ್ 135 ಸ್ಥಾನ ಗೆದ್ದಿತು. ಮರುದಿನ ಬೆಂಗಳೂರಿನ ಒಂದು ಹೊಟೇಲಿನಲ್ಲಿ ಶಾಸಕಾಂಗ ಪಕ್ಷದ ಸಭೆ. ದೆಹಲಿಯಿಂದ ಬಂದ ಮೂವರು ವೀಕ್ಷಕರು ಶಾಸಕರ ಅಭಿಪ್ರಾಯವನ್ನು ಒಬ್ಬೊಬ್ಬರಿಂದಲೇ ಪಡೆದರು. ಹೊರಗೆ ಸಿದ್ದರಾಮಯ್ಯನವರ ಅಭಿಮಾನಿಗಳು, ಡಿ.ಕೆ. ಶಿವಕುಮಾರ್ ಅವರ ಅಭಿಮಾನಿಗಳು ಜೈಕಾರ ಹಾಕುತ್ತಾ ಕಾದರು. ತೀರ್ಮಾನವನ್ನು ಪಕ್ಷದ ಅಧ್ಯಕ್ಷರಿಗೆ ಬಿಟ್ಟುಕೊಟ್ಟು ಒಂದು ಸಾಲಿನ ನಿರ್ಣಯವಾಯಿತು. ಲೆಕ್ಕ ದೆಹಲಿಗೆ ಹೋಯಿತು. ಮೇ 18ರಂದು ಹೆಸರು ಪ್ರಕಟವಾಯಿತು, 20ರಂದು ಪ್ರಮಾಣವಚನ. ಯಾರಿಗೆ ಎಷ್ಟು ಶಾಸಕರು ಎಂಬ ಅಂಕಿಯನ್ನು ಪಕ್ಷ ಪ್ರಕಟಿಸಲಿಲ್ಲ. ಇದು ಒಂದೇ ಪಕ್ಷದ ಮಾತಲ್ಲ. ಬೇರೆ ಪಕ್ಷಗಳಲ್ಲಿ ಎಷ್ಟೋ ಸಲ ಅಭಿಪ್ರಾಯ ಕೇಳುವುದೂ ಇಲ್ಲ, ಹೆಸರು ಮೇಲಿನಿಂದಲೇ ಬರುತ್ತದೆ.

ಕಾದವನ ಕೈಗೆ ಹೆಸರು ಬರುತ್ತದೆ, ಲೆಕ್ಕ ಬರುವುದಿಲ್ಲ. ಲೆಕ್ಕ ಬಾರದ ಕಡೆ ಗಾಳಿಮಾತು ಬರುತ್ತದೆ. ಅಷ್ಟು ಜನ ಇವರ ಕಡೆ ಇದ್ದರಂತೆ, ಇಷ್ಟು ಜನ ಅವರ ಕಡೆ ಇದ್ದರಂತೆ ಎಂಬ ಮಾತಿಗೆ ಕೊನೆಯೇ ಇರುವುದಿಲ್ಲ. ಒಂದೇ ಪಕ್ಷದವರು, ಒಂದೇ ಊರಿನವರು ಅದೇ ಮಾತಿನ ಮೇಲೆ ಮುಖ ತಿರುಗಿಸಿಕೊಳ್ಳುತ್ತಾರೆ.

ಗಡಿಯಲ್ಲಿರುವ ನಮಗೆ ಈ ಪಾಠ ಇನ್ನೂ ಹತ್ತಿರದ್ದು. ನಮ್ಮ ತಾಲ್ಲೂಕು ಯಾವ ರಾಜ್ಯಕ್ಕೆ ಎಂಬುದೂ ನಮ್ಮಿಂದ ದೂರದಲ್ಲೇ ತೀರ್ಮಾನವಾಯಿತು. ನಮ್ಮ ಕನ್ನಡ ಮಾಧ್ಯಮದ ಶಾಲೆ ಉಳಿಯಬೇಕೋ ಬೇಡವೋ ಎಂಬುದೂ ಒಂದು ಎಣಿಕೆಯ ಮೇಲೆಯೇ ನಿಂತಿದೆ, ಮಕ್ಕಳ ಎಣಿಕೆಯ ಮೇಲೆ. ದೊಡ್ಡ ಪಕ್ಷಗಳ ಬಾಗಿಲು ತೆಗೆಸುವುದು ನಮ್ಮ ಕೈಯಲ್ಲಿಲ್ಲ. ನಮ್ಮ ಶಾಲೆಯ ಬಾಗಿಲು ನಮ್ಮ ಕೈಯಲ್ಲಿದೆ. ಪೋಷಕರ ಸಮಿತಿಯ ಆಯ್ಕೆ ಇರಲಿ, ಮಕ್ಕಳ ತರಗತಿ ನಾಯಕನ ಆಯ್ಕೆ ಇರಲಿ, ಮಾಧ್ಯಮದ ಬಗ್ಗೆ ಪೋಷಕರ ಅಭಿಪ್ರಾಯ ಕೇಳುವ ಸಭೆಯೇ ಇರಲಿ, ಎಷ್ಟು ಜನ ಬಂದರು, ಎಷ್ಟು ಜನ ಹೌದೆಂದರು, ಎಷ್ಟು ಜನ ಬೇಡವೆಂದರು ಎಂದು ಕರಿಹಲಗೆಯ ಮೇಲೆ ಬರೆಯೋಣ. ಎಲ್ಲರೂ ನೋಡಿ ಒಪ್ಪಿದ ಮೇಲೆ ಪುಸ್ತಕದಲ್ಲಿ ಬರೆದು ಸಹಿ ಹಾಕಿಸೋಣ. ನಾಳೆ ಯಾರಾದರೂ ನಮ್ಮ ಪರವಾಗಿ ಅಥವಾ ವಿರುದ್ಧವಾಗಿ ಮಾತಾಡಿದರೆ ತೋರಿಸಲು ನಮ್ಮಲ್ಲಿ ಒಂದು ಅಂಕಿ ಇರಬೇಕು.

1969ರ ಆಗಸ್ಟಿನಲ್ಲಿ ರೇಡಿಯೋದ ಮುಂದೆ ಕಾದವರಲ್ಲಿ ಕೆಲವರಾದರೂ ಇನ್ನೂ ನಮ್ಮ ಊರುಗಳಲ್ಲಿ ಇರಬಹುದು. ಶಿಕ್ಷಕ ಮಿತ್ರರು ಮಕ್ಕಳನ್ನು ಅವರ ಹತ್ತಿರ ಕಳಿಸಿ, ಆ ದಿನಗಳಲ್ಲಿ ಸುದ್ದಿ ಹೇಗೆ ಬರುತ್ತಿತ್ತು, ಯಾರ ಮನೆಯ ರೇಡಿಯೋ, ಊರಲ್ಲಿ ಯಾರು ಯಾವ ಕಡೆ ಇದ್ದರು ಎಂದು ಕೇಳಿ ಬರೆಸಿದರೆ ಅದೇ ಒಂದು ಒಳ್ಳೆಯ ಚರಿತ್ರೆಯ ಪಾಠವಾದೀತು. ಆ ಅಜ್ಜ ಅಜ್ಜಿಯರು ಇರುವಾಗಲೇ ಈ ಕೆಲಸ ಆಗಲಿ.